ಆರು ಸಾವಿರದ ಮೇಲೆ

ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ಊಟದ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿ ಮುಗಿಯುವಷ್ಟರಲ್ಲಿ ಬ್ಯಾಂಡಿನವರ ಸೌಂಡ್ ಚೆಕ್ ಮುಗಿದಿರಬೇಕು. ಅದು ಮ್ಯಾನೇಜರ್ ಹಾಕಿದ ಕಟ್ಟಳೆ. ವೇದಿಕೆಯ ಮೇಲೆ ಅಣ್ಣ ಗಿಟಾರ್ ಕೊರಳಿಗೆ ಹಾಕಿಕೊಂಡ. ಹಿಂದುಗಡೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಸದ್ದು ಹದ ಮಾಡಿ ಸ್ಪೀಕರಿಗೆ ಕಳಿಸುವ ಮಿಕ್ಸರ್ ಮುಂದೆ ತಮ್ಮ ಕೂತಿದ್ದ.

ಅಣ್ಣ ಕಾಲಿಂದ ಪೆಡಲ್ ಒತ್ತಿ, ತಂತಿಗಳನ್ನು ಒಟ್ಟಿಗೆ ಮೀಟಿ ಒಂದು ಕಾರ್ಡ್ ಬಾರಿಸಿದ. ತಗಡಿನ ಮೇಲೆ ಮೊಳೆ ಎಳೆದಂಥ ಸದ್ದು ಬಂತು. ತಮ್ಮ ಮಿಕ್ಸರಿನ ಮೇಲೆ ಒಂದು ಗುಂಡಿ ಒತ್ತಿದ. ಅದೇ ಕಾರ್ಡು ಈಗ ದಪ್ಪಗೆ, ಬೆಚ್ಚಗೆ, ಗಂಟಲು ತುಂಬಿ ಹಾಡುವವನ ದನಿಯ ಹಾಗೆ ಹಾಲ್ ತುಂಬ ಹರಡಿತು.

ಗುಂಡಿ ಒತ್ತಿಯೇ ಶುರು ಮಾಡಬಹುದಿತ್ತು. ಆದರೆ ಪ್ರತಿ ಸಲವೂ ತಮ್ಮ ಮೊದಲ ಕಾರ್ಡನ್ನು ಹಾಗೇ ಬಿಡುತ್ತಿದ್ದ. ಇವತ್ತಾದರೂ ಸರಿಯಾಗಿರಬಹುದೇನೋ ಎಂಬ ಆಸೆ. ಇವತ್ತೂ ಸರಿಯಾಗಿರಲಿಲ್ಲ.

"ಹೇಗಿದೆಯೋ ಮರಿ?" ಅಣ್ಣ ವೇದಿಕೆಯಿಂದ ಕೂಗಿದ. ತಮ್ಮನಿಗೆ ತಲೆಗೂದಲು ಅರ್ಧ ನೆರೆತಿತ್ತು. ಅಣ್ಣನ ಬಾಯಲ್ಲಿ ಅವನಿನ್ನೂ ಮರಿಯೇ.

"ಬೆಣ್ಣೆ ಕಣಣ್ಣ!"

"ಟೋನ್ ಅಂದ್ರೆ ಹೀಗಿರಬೇಕು," ಅಂದ ಅಣ್ಣ, ಪಕ್ಕದಲ್ಲಿದ್ದ ಡ್ರಮ್ಮರ್ ಕಡೆ ತಿರುಗಿ. ಡ್ರಮ್ಮರ್ ಡ್ರಮ್ಮಿನಷ್ಟೇ ಗುಂಡಗಿದ್ದುದರಿಂದ ಎಲ್ಲರೂ ಅವನನ್ನು ಗುಂಡು ಅಂತಲೇ ಕರೆಯುತ್ತಿದ್ದರು. ಗುಂಡು ಕಿವಿಗೆ ತುರುಕಿಕೊಂಡಿದ್ದ ಹತ್ತಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದ.

ಅಣ್ಣನ ಕಾಲ ಬಳಿ ಇದ್ದದ್ದು ಮಾಡೆಲರ್. ಕಾಲಿಂದ ಒತ್ತುವ ಗುಂಡಿಗಳು, ಒಂದು ಪುಟ್ಟ ಪರದೆ ಇರುವ ಕಪ್ಪು ಪೆಟ್ಟಿಗೆ. ಲೋಕದ ಹೆಸರಾಂತ ಆಂಪ್ಲಿಫೈಯರುಗಳೂ ಸ್ಪೀಕರುಗಳೂ ಅದರೊಳಗೆ ಬರೀ ಲೆಕ್ಕಾಚಾರವಾಗಿ ಕೂತಿವೆ. ಗಿಟಾರ್ ಸಿಕ್ಕಿಸಿದರೆ ಅವುಗಳ ದನಿಯನ್ನು ಅಣಕ ಮಾಡುತ್ತದೆ. ಅದಕ್ಕೆ ಮುಂಚೆ ಅಣ್ಣನ ಹತ್ತಿರ ನಿಜವಾದ ವಾಲ್ವ್ ಆಂಪ್ ಇತ್ತು. ಹೊರಲು ಇಬ್ಬರು ಬೇಕು. ಪೂರ್ತಿ ಜೋರು ಮಾಡಿದರೆ ಮಾತ್ರ ಅದು ಹಾಡುತ್ತಿತ್ತು. ಇಲ್ಲದಿದ್ದರೆ ಮುನಿಸಿಕೊಂಡ ಅಳಿಯನ ಹಾಗೆ ಗೊಣಗುತ್ತ ಕೂರುತ್ತಿತ್ತು. ಅದನ್ನು ಪೂರ್ತಿ ಜೋರು ಮಾಡಿ, ಅದರ ಬಾಯಿಗೆ ಕಿವಿ ಕೊಟ್ಟು, ಅಣ್ಣ ತನ್ನ ಆಯಸ್ಸಿನ ಅರ್ಧ ನಿಂತಿದ್ದ. ಹೋಟೆಲುಗಳು ಅಷ್ಟು ಸದ್ದು ಒಲ್ಲೆ ಅಂದವು, ಸೊಂಟವೂ ಅಷ್ಟು ಭಾರ ಒಲ್ಲೆ ಅಂದಿತು. ಆಂಪ್ ಮಾರಿ ಈ ಪೆಟ್ಟಿಗೆ ತಂದ.

ಆಗ ಈ ಕಸುಬಿನವರೆಲ್ಲ ಇಂಥ ಪೆಟ್ಟಿಗೆ ಕೊಂಡು ತಲೆ ಕೆಡಿಸಿಕೊಂಡಿದ್ದರು. ಸದ್ದನ್ನು ಬೇಕೆಂದೇ ಒರಟು ಮಾಡುವ ಡಿಸ್ಟಾರ್ಷನ್ ಹಾಕಿದರೆ ಸಾಕು, ಡಬ್ಬದೊಳಗೆ ಜೇನ್ನೊಣ ಬಿಟ್ಟ ಹಾಗೆ. ಅದನ್ನು ಪಳಗಿಸಿದವನು ಅಣ್ಣನೇ. ಯಾರು ಕೇಳಿದರೂ ಹೇಳಿಕೊಡುತ್ತಿದ್ದ. ತಮ್ಮನಿಗಂತೂ ಕೇಳದಿದ್ದರೂ ಹೇಳಿದ್ದ.

"ಹೆಡ್‌ಫೋನ್ ಹಾಕ್ಕೊಂಡು ಮಂಚದ ಮೇಲೆ ಕೂತು ಮಾಡಿದ ಟೋನು ಮಂಚದ ಮೇಲೆ ಮಾತ್ರ ಚೆನ್ನಾಗಿರತ್ತೆ. ಎಷ್ಟು ಜೋರಾಗಿ ಬಾರಿಸ್ತೀಯೋ ಅಷ್ಟು ಜೋರಲ್ಲೇ ಮಾಡು. ಗೇನ್, ಅಂದ್ರೆ ಒರಟು, ಎಷ್ಟು ಬೇಕು ಅನ್ಸತ್ತೋ ಅಷ್ಟಿಟ್ಟು, ಆಮೇಲೆ ಅದರಲ್ಲಿ ಅರ್ಧ ಕಿತ್ಕೊ. ಆಂಪಿನ ಮುಂದೆ ಓವರ್‌ಡ್ರೈವ್ ಇಡು. ಆದರೆ ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಅದು ಆಂಪನ್ನ ಹಿಂದಿಂದ ತಳ್ಳಬೇಕು, ತಾನೇ ಕಿರುಚಬಾರದು. ಕೊನೇಲಿ ಹೈ ಕಟ್. ನಿಜವಾದ ಗಿಟಾರ್ ಸ್ಪೀಕರು ಆರು ಸಾವಿರದ ಮೇಲೆ ಬಾಯೇ ಬಿಡಲ್ಲ ಕಣೋ. ಈ ಪೆಟ್ಟಿಗೆಗೆ ಆ ಮರ್ಯಾದೆ ಗೊತ್ತಿಲ್ಲ. ಅದರ ಮೇಲಿರೋದೆಲ್ಲ ಕಸ. ಬಾಗಿಲು ಹಾಕ್ಬಿಡು."

ಆರು ಸಾವಿರ ಅಂದರೆ ಸೆಕೆಂಡಿಗೆ ಆರು ಸಾವಿರ ಕಂಪನ. ಅದಕ್ಕೂ ಮೇಲಿನ ಸಣ್ಣ, ಚೂಪು ಸದ್ದುಗಳನ್ನು ತಡೆಯುವ ಬಾಗಿಲೇ ಹೈ ಕಟ್. ಇಷ್ಟೆಲ್ಲ ಹೇಳಿ ಅಣ್ಣ ಕೊನೆಗೊಂದು ಮಾತು ಸೇರಿಸುತ್ತಿದ್ದ: "ಆದರೆ ನಂಬರ್ ನೋಡ್ಬೇಡ. ನಂಬರ್ ನೋಡಿ ಟೋನ್ ಮಾಡೋನು ತೂಕ ನೋಡಿ ಮಗು ಎತ್ಕೊಳ್ಳೋನ ಥರ. ಕಿವೀನ ಕೇಳು."

ಹಾಗೆ ಕಿವಿಯನ್ನು ಕೇಳುತ್ತ ಕೇಳುತ್ತಲೇ ಅಣ್ಣ ಆ ಬಾಗಿಲನ್ನು ಮೆಲ್ಲಗೆ ತೆರೆದಿದ್ದ. ಮೊದಲು ಆರರಿಂದ ಏಳಕ್ಕೆ. ಆಮೇಲೆ ಒಂಬತ್ತಕ್ಕೆ. "ಯಾಕೋ ಈ ಪೆಟ್ಟಿಗೆ ಮೇಲೆ ಕಂಬಳಿ ಹೊದಿಸಿದ ಹಾಗಿದೆ ಮರಿ," ಅನ್ನುತ್ತ ಪೂರ್ತಿ ತೆಗೆದೇಬಿಟ್ಟ. ಅದರ ಮೇಲೆ ಚೂಪು ದನಿಯ ಟ್ರೆಬಲ್ ಏರಿಸಿದ, ಗೇನ್ ಏರಿಸಿದ. ಕಂಬಳಿ ಪೆಟ್ಟಿಗೆಯ ಮೇಲಿರಲಿಲ್ಲ. ಅದು ತಮ್ಮನಿಗೆ ಗೊತ್ತಾದ ದಿನ ಅವನು ಒಂದು ಉಪಾಯ ಮಾಡಿದ. ಅಣ್ಣನ ಮುಂದಿನ ಮಾನಿಟರ್ ಸ್ಪೀಕರಿಗೆ ಅಣ್ಣ ಕಳಿಸಿದ್ದನ್ನೇ ಹಾಗೇ ವಾಪಸ್ ಕೊಟ್ಟ. ಜನ ಕೇಳುವ ದೊಡ್ಡ ಸ್ಪೀಕರಿಗೆ ಮಾತ್ರ ಮಿಕ್ಸರಿನಲ್ಲಿ ಹೈ ಕಟ್ ಹಾಕಿ ಕಳಿಸಿದ. ಮಗುವಿಗೊಂದು, ಮನೆಯವರಿಗೊಂದು ಅಡುಗೆ ಮಾಡಿದ ಹಾಗೆ. ಹಿಂದೆ ಅಣ್ಣ ಒಂದು ಸಾಲು ಬಾರಿಸಿ, ಲೂಪರ್‌ನಲ್ಲಿ ಅದೇ ಮತ್ತೆ ಮತ್ತೆ ಬರುವ ಹಾಗೆ ಮಾಡಿ, ಹಾಲ್ ಪೂರ್ತಿ ಸುತ್ತಾಡಿ ಕೇಳುತ್ತಿದ್ದ. ಮಂಡಿನೋವು ಬಂದ ಮೇಲೆ "ನೀನಿದ್ದೀಯಲ್ಲ" ಅಂತ ಬಿಟ್ಟುಬಿಟ್ಟ. ತಮ್ಮನ ಉಪಾಯ ಉಳಿದದ್ದು ಆ ಮಂಡಿನೋವಿನಿಂದ.

ಆ ಸಂಜೆ ಊಟಕ್ಕೆ ಬಂದವರಲ್ಲಿ ಒಬ್ಬ ಸಂಗೀತ ನಿರ್ದೇಶಕರಿದ್ದರು. ಊರೂರು, ದೇಶದೇಶ ಸುತ್ತಿ ಹಾಡುವ ದೊಡ್ಡ ಗಾಯಕಿಯೊಬ್ಬರ ತಂಡ ಅವರದು. ಕಾರ್ಯಕ್ರಮ ಮುಗಿದ ಮೇಲೆ ತಾವಾಗಿ ವೇದಿಕೆಯ ಹತ್ತಿರ ಬಂದರು.

"ನಿಮ್ಮ ಡಿಸ್ಟಾರ್ಷನ್ ಕೇಳಿ ಚಮಚ ಕೆಳಗಿಟ್ಟೆ ನೋಡಿ. ಡಿಜಿಟಲ್ ಪೆಟ್ಟಿಗೆ ಅಂದ್ರೆ ನಂಬೋಕಾಗ್ತಿಲ್ಲ. ನಮ್ಮ ಗಿಟಾರಿನವರು ಬಿಟ್ಟುಹೋಗಿದ್ದಾರೆ. ಗುರುವಾರ ರಿಹರ್ಸಲ್‌ಗೆ ಬರ್ತೀರಾ? ಪೆಟ್ಟಿಗೆ ಮಾತ್ರ ತನ್ನಿ, ಮಿಕ್ಕಿದ್ದೆಲ್ಲ ನಮ್ಮದಿದೆ. ಎಲ್ಲರೂ ಇಯರ್‌ಫೋನಲ್ಲೇ ಕೇಳೋದು."

ಅಣ್ಣ ಇಂಥದೊಂದು ಕರೆಗಾಗಿ ಬದುಕೆಲ್ಲ ಕಾದಿದ್ದ. ಕಾದಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವರು ಹೋದ ಮೇಲೆ ಗಿಟಾರ್ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡು, ಅದು ಗಿಟಾರಿನ ಬಟ್ಟೆಯೆಂದು ಆಮೇಲೆ ನೋಡಿಕೊಂಡು ನಕ್ಕ.

"ದೊರೆ, ಇನ್ಮೇಲೆ ನಿಮ್ಮ ಮುಖ ನೋಡೋಕೂ ಟಿಕೆಟ್ ತಗೋಬೇಕು ನಾವು," ಅಂದ ಗುಂಡು.

"ನಿನಗೆ ಎರಡು ಟಿಕೆಟ್ ಕಣೋ. ಒಂದರಲ್ಲಿ ಹಿಡಿಯಲ್ಲ ನೀನು."

ಎಲ್ಲರೂ ನಕ್ಕರು. ತಮ್ಮ ವೈರು ಸುತ್ತುತ್ತಿದ್ದ. ಕೈ ಸುತ್ತುತ್ತಲೇ ಇತ್ತು, ವೈರು ಮುಗಿದದ್ದು ಅವನಿಗೆ ಗೊತ್ತಾಗಲಿಲ್ಲ. ಅಲ್ಲಿ ಮಿಕ್ಸರಿನ ಹಿಂದೆ ತಾನಿರುವುದಿಲ್ಲ. ಎರಡು ಅಡುಗೆ ಇರುವುದಿಲ್ಲ. ಅಣ್ಣ ಬಡಿಸಿದ್ದನ್ನೇ ಎಲ್ಲರೂ ನೇರ ಕಿವಿಯೊಳಗೆ ಇಟ್ಟುಕೊಂಡು ಕೇಳುತ್ತಾರೆ.

ಮರುದಿನ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದರು. ಅಣ್ಣ ಮಹಡಿಯ ಮೇಲೆ ಅಭ್ಯಾಸ ಮಾಡುತ್ತಿದ್ದ. ಮೇಲಿಂದ ಆ ಮೊಳೆ ಎಳೆಯುವ ಸದ್ದು ಮೆಟ್ಟಿಲಿಳಿದು ಬರುತ್ತಿತ್ತು.

"ಬೆಳಗಿಂದ ಹೀಗೇ," ಅಂದರು ಅತ್ತಿಗೆ, ಬಾಯಲ್ಲಿದ್ದ ಸೂಜಿ ತೆಗೆದು. "ಪಕ್ಕದ ಮನೆಯವರು ಬಂದು, ಮರ ಕೊಯ್ಯಿಸ್ತಿದ್ದೀರಾ ಅಂತ ಕೇಳಿ ಹೋದರು."

"ನಿಮಗೂ ಗೊತ್ತಾ ಅತ್ತಿಗೆ?"

"ಜ್ವರ ನೋಡೋ ಕಡ್ಡಿ ಕೀ ಕೀ ಅಂದರೂ ಬಾಯಲ್ಲೇ ಇಟ್ಕೊಂಡು ಕೂತಿರ್ತಾರೆ, ಇನ್ನೂ ಆಗಿಲ್ಲ ಅಂತ. ಜೊತೇಲಿ ಬಾಳೋಳಿಗೆ ಗೊತ್ತಾಗಲ್ವಾ? ಹೇಳ್ಬಿಡಪ್ಪ, ಗುರುವಾರದೊಳಗೆ."

"ನೀವೇ ಹೇಳಿ."

"ನಾನು ಹೇಳಿದ್ರೆ ಹೆಂಡತಿ ಗೊಣಗಾಟ ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ." ಅತ್ತಿಗೆ ದಾರ ಕಡಿದರು. "ಅದಕ್ಕೇ ತಾನೆ ನಿನಗೆ ಭಯ?"

ಹೇಳಲೇಬೇಕೆಂದು ಗಟ್ಟಿಮನಸ್ಸು ಮಾಡಿ ತಮ್ಮ ಆ ಸಂಜೆ ಅಣ್ಣನ ಜೊತೆ ಹಿತ್ತಲ ಮೆಟ್ಟಿಲ ಮೇಲೆ ಕೂತ. ಬೆಳಕು ಇಳಿಯುತ್ತಿತ್ತು. ಬೇಲಿಯ ಪೊದೆಗಳಲ್ಲಿ ಜೀರುಂಡೆಗಳು ಒಂದೇ ಸಮನೆ ಕಿರ್ರೋ ಅನ್ನುತ್ತಿದ್ದವು. ಮಾತಾಡಬೇಕಾದರೆ ದನಿ ಎತ್ತಬೇಕು, ಅಷ್ಟು.

"ಅಣ್ಣ, ಒಂದು ಮಾತು..."

"ನೋಡಿದ್ಯಾ ಮರಿ," ಅಂದ ಅಣ್ಣ, ಮೊಣಕಾಲು ನೀವಿಕೊಳ್ಳುತ್ತ. "ಎಷ್ಟು ಮೌನ! ಮುಂಚೆ ಈ ಹೊತ್ತಿಗೆ ಜೀರುಂಡೆ ಕಾಟ ತಡೆಯೋಕಾಗ್ತಿರಲಿಲ್ಲ. ಎಲ್ಲಾ ಸತ್ತೋದವು ಅನ್ಸತ್ತೆ. ಎಲ್ಲಿ ನೋಡಿದ್ರೂ ಔಷಧಿ ಹೊಡೀತಾರೆ, ಪಾಪ."

ತಮ್ಮ ಕಿರ್ರೋ ಅನ್ನುತ್ತಿದ್ದ ಬೇಲಿಯ ಕಡೆ ನೋಡಿದ. ಸತ್ತ ಹುಳಗಳಿಗಾಗಿ ಅಣ್ಣನ ಮುಖದಲ್ಲಿ ನಿಜವಾದ ಮರುಕವಿತ್ತು.

"ಏನೋ ಹೇಳೋಕೆ ಬಂದೆಯಲ್ಲ?"

"ಏನಿಲ್ಲ. ಗುರುವಾರ ನಾನೇ ವ್ಯಾನ್ ತರ್ತೀನಿ."

ಹೇಳಲಾರದವನು ಕೈಚಳಕಕ್ಕೆ ಇಳಿದ. ಮಾಡೆಲರಿನಲ್ಲಿ ಗ್ಲೋಬಲ್ ಎಂಬ ಒಂದು ಪುಟವಿದೆ. ಅಲ್ಲಿ ಏನು ಇಟ್ಟರೂ ಪೆಟ್ಟಿಗೆಯೊಳಗಿನ ಎಲ್ಲ ಟೋನುಗಳಿಗೂ ಅನ್ವಯ. ಅಣ್ಣ ಆ ಕಡೆ ಹೋದವನೇ ಅಲ್ಲ. ಗುರುವಾರ ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋದಾಗ ತಮ್ಮ ಆ ಪುಟ ತೆರೆದು ಹೈ ಕಟ್ ಹಾಕಿ, ಪೆಟ್ಟಿಗೆಯನ್ನು ಇದ್ದ ಹಾಗೇ ಚೀಲಕ್ಕೆ ಸೇರಿಸಿದ. ಸ್ವಲ್ಪ ಮಂಕು ಅನಿಸಿದರೂ ಹೊಸ ಜಾಗ, ಹೊಸ ಇಯರ್‌ಫೋನು ಅಂದುಕೊಂಡು ಸುಮ್ಮನಾಗುತ್ತಾನೆ ಎಂದು ಅವನ ಎಣಿಕೆ. ಅಣ್ಣ ಎಂಥ ಕೆಲಸಗಾರ ಎಂಬುದನ್ನು ಅವನಂತೂ ಮರೆಯಬಾರದಿತ್ತು.

ರಿಹರ್ಸಲ್ ಕೋಣೆಯ ಗೋಡೆಗಳಿಗೆ ಕಪ್ಪು ಸ್ಪಂಜು ಹೊಡೆದಿದ್ದರು. ಕೀಬೋರ್ಡಿನ ಹೆಣ್ಣುಮಗಳು, ಬೇಸ್ ಗಿಟಾರಿನವನು, ಡ್ರಮ್ಮರ್, ಎಲ್ಲರೂ ಅಣ್ಣನ ಮಕ್ಕಳ ವಯಸ್ಸಿನವರು. ಎದ್ದು ನಿಂತು ನಮಸ್ಕಾರ ಹೇಳಿದರು. ಬಾಗಿಲ ಬಳಿ ಗೋಡೆಗೊರಗಿ ನಿಂತ ತಮ್ಮನಿಗೂ ಯಾರೋ ಒಂದು ಇಯರ್‌ಫೋನ್ ಕೊಟ್ಟರು.

ಅಣ್ಣ ಒಂದು ಕಾರ್ಡ್ ಬಾರಿಸಿದ. ಅದು ಹಳೆಯ ಆಂಪಿನ ದನಿ. ದಪ್ಪ, ಅಂಚಿನಲ್ಲಿ ಮಾತ್ರ ಸ್ವಲ್ಪ ಒರಟು. ನಿರ್ದೇಶಕರು ಕಣ್ಣು ಮುಚ್ಚಿ ತಲೆದೂಗಿದರು. ಕೀಬೋರ್ಡಿನವಳು ಬೇಸಿನವನ ಕಡೆ ನೋಡಿ ಹುಬ್ಬೇರಿಸಿದಳು.

ಅಣ್ಣ ಮಾತ್ರ ಮುಖ ಗಂಟಿಕ್ಕಿದ. ಇನ್ನೊಂದು ಸಲ ಬಾರಿಸಿದ. "ಒಂದ್ನಿಮಿಷ," ಅಂದು ಮಂಡಿಯೂರಿ ಪರದೆಯ ಹತ್ತಿರ ಬಗ್ಗಿದ. ಆಂಪ್ ನೋಡಿದ, ಸ್ಪೀಕರ್ ನೋಡಿದ, ಮೈಕ್ ನೋಡಿದ. ಒಂದೊಂದೇ ಪುಟ ತಿರುವಿದ. ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟರೆ ಅಣ್ಣ ಬಿಟ್ಟು ಬರುವವನಲ್ಲ. ಗ್ಲೋಬಲ್ ಪುಟ ಬಂತು. ಅಣ್ಣ ಅಲ್ಲೇ ನಿಂತ. ಕತ್ತೆತ್ತಿ ನೇರವಾಗಿ ಬಾಗಿಲ ಕಡೆ, ತಮ್ಮನ ಕಡೆ ನೋಡಿದ. ಕಟ್ ತೆಗೆದ. ಎದ್ದು ನಿಂತು, "ಈಗ ಕೇಳಿ," ಅಂತ ನಗುತ್ತ ಬಾರಿಸಿದ.

ಕೀಬೋರ್ಡಿನವಳು ಇಯರ್‌ಫೋನ್ ಕಿತ್ತುಕೊಂಡಳು.

ನಿರ್ದೇಶಕರು ಒಳ್ಳೆಯವರು. "ಸ್ವಲ್ಪ ಚೂಪಾಯ್ತೇನೋ ಸಾರ್. ಮೊದಲಿನದೇ ಚೆನ್ನಾಗಿತ್ತಲ್ವಾ?" ಅಂದರು. "ಇಲ್ಲ, ಇಲ್ಲ, ಅದರಲ್ಲಿ ಏನೋ ಕೆಟ್ಟಿತ್ತು," ಅಂದ ಅಣ್ಣ. ಅವರ ಮಾತಿಗೆ ಬೆಲೆ ಕೊಟ್ಟು ಬೇಸ್ ಏರಿಸಿದ, ಗೇನ್ ಇಳಿಸಿದ, ಏನೇನೋ ಮಾಡಿದ. ಬಾಗಿಲು ಮಾತ್ರ ಹಾಕಲಿಲ್ಲ. ಒಂದು ಹಾಡು ಬಾರಿಸಿದರು. ಬೆರಳುಗಳು ಎಂದಿನ ಹಾಗೆ ತಪ್ಪದೆ ಓಡಿದವು. ಕೇಳುತ್ತಿದ್ದವರು ಹಲ್ಲು ಕಚ್ಚಿ ಕೂತಿದ್ದರು. ಕೊನೆಗೆ ಎಲ್ಲರೂ ಕೈ ಕುಲುಕಿದರು. ಫೋನ್ ಮಾಡ್ತೀವಿ ಅಂದರು.

ವ್ಯಾನು ಅರ್ಧ ದಾರಿ ಬರುವ ತನಕ ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ.

"ಗ್ಲೋಬಲ್‌ಗೆ ಕೈ ಹಾಕಿದ್ದು ನೀನೇ?"

"ಹೂಂ."

"ಎಲ್ಲರೆದುರಿಗೆ ಮಂಡಿಯೂರಿ ಹುಡುಕೋ ಹಾಗೆ ಮಾಡಿದೆ. ತನ್ನ ಪೆಟ್ಟಿಗೆ ತನಗೇ ಗೊತ್ತಿಲ್ಲದೋನ ಥರ. ಆಮೇಲೆ ಮನಸ್ಸೇ ನಿಲ್ಲಲಿಲ್ಲ ನನಗೆ." ಅಣ್ಣ ಈ ಕಡೆ ತಿರುಗಿದ. "ನಾನು ಹೋಗ್ಬಿಟ್ರೆ ಬ್ಯಾಂಡ್ ಮುಚ್ಚತ್ತೆ, ನಿನ್ನ ಮಿಕ್ಸರ್ ಮೂಲೆಗೆ ಬೀಳತ್ತೆ ಅಂತ ತಾನೆ? ಹೊಟ್ಟೆಕಿಚ್ಚೇನೋ ಮರಿ, ನನ್ನ ಮೇಲೆ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ತಮ್ಮ ಗೇರು ಬದಲಿಸಿದ. ಹೊಟ್ಟೆಕಿಚ್ಚಿನ ತಮ್ಮನನ್ನು ಬೈಯಬಹುದು, ದೂರ ಇಡಬಹುದು, ಒಂದು ದಿನ ಕ್ಷಮಿಸಲೂಬಹುದು. ಕಿವಿಯನ್ನು ಏನು ಮಾಡುವುದು?

"ಹಾಗೇ ಅಂದ್ಕೊ," ಅಂದ.

ಫೋನ್ ಬರಲಿಲ್ಲ. ಅಣ್ಣ ತಮ್ಮನ ಜೊತೆ ಮಾತು ಬಿಟ್ಟ. ಮುಂದಿನ ಕಾರ್ಯಕ್ರಮ ಅದೇ ಹೋಟೆಲಿನಲ್ಲಿ. ಕೆಲಸ ಬಿಡುವಂತಿಲ್ಲ, ಮಾತಾಡುವಂತಿಲ್ಲ. ನಡುವೆ ಸಿಕ್ಕಿಬಿದ್ದವನು ಗುಂಡು.

"ಅವನಿಗೆ ಹೇಳು, ಮಾನಿಟರ್ ಜೋರು ಮಾಡು ಅಂತ."

"ಅವನು ಇಲ್ಲೇ ನಿಮ್ಮ ಮೂಗಿನ ಮುಂದೇ ನಿಂತಿದ್ದಾನೆ ದೊರೆ. ನಾನೇನು ಅಂಚೆಯವನಾ?"

"ಹೇಳು ಅಂದೆ."

"ಜೋರು ಮಾಡಬೇಕಂತಪ್ಪ. ಅಂಚೆ ಬಂತು."

ತಮ್ಮ ಮಿಕ್ಸರ್ ಜೋಡಿಸಿಟ್ಟು, ವ್ಯಾನಿನಲ್ಲಿ ಉಳಿದಿದ್ದ ವೈರು ತರಲು ಹೋದ. ಬರುವಾಗ ಕಾರಿಡಾರಿನಲ್ಲೇ ಆ ಮೊಳೆಯ ಸದ್ದು ಕೇಳಿತು. ಮರುಕ್ಷಣ ಬೆಚ್ಚಗಿನ ಸದ್ದು. ಮತ್ತೆ ಮೊಳೆ. ಅವನು ಓಡಿದ.

ವೇದಿಕೆಯ ಮೇಲೆ ಅಣ್ಣ ಇರಲಿಲ್ಲ. ಸ್ಟ್ಯಾಂಡಿಗೊರಗಿದ ಗಿಟಾರ್ ಸುಮ್ಮನಿತ್ತು. ಲೂಪರಿನಿಂದ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಅಣ್ಣ ಮಿಕ್ಸರಿನ ಮುಂದೆ ನಿಂತಿದ್ದ. ತಮ್ಮ ಇಲ್ಲೂ ಏನಾದರೂ ಕೆಡಿಸಿಟ್ಟಿದ್ದಾನೋ ಎಂದು ನೋಡಲು ಮಂಡಿನೋವು ಮರೆತು ಇಳಿದು ಬಂದಿದ್ದ. ಮಿಕ್ಸರಿನ ಪರದೆಯ ಮೇಲೆ ಅವನ ಗಿಟಾರಿನ ಸದ್ದಿನ ಗೆರೆ ನೇರವಾಗಿ ಬಂದು ಬಂಡೆಯ ಅಂಚಿನಿಂದ ಬಿದ್ದ ಹಾಗೆ ಕೆಳಗೆ ಬೀಳುತ್ತಿತ್ತು. ಕಳ್ಳನನ್ನು ಕೈಯಲ್ಲಿ ಹಿಡಿದವನ ಹಾಗೆ ಅಣ್ಣ ಆ ಕಟ್ ತೆಗೆದ. ಮುಖ ಅರಳಿತು. ಅವನ ಕಿವಿಗೆ ಈಗ ಸರಿಯಾಗಿತ್ತು.

ಅದೇ ಗೆಲುವಿನಲ್ಲಿ ಹಾಲ್ ಕಡೆ ತಿರುಗಿದ. ಗುಂಡುವಿನ ಎರಡೂ ಭುಜ ಕಿವಿಯ ತನಕ ಏರಿದ್ದವು. ಪಕ್ಕದ ಮೇಜಿನಲ್ಲಿ ಗಾಜಿನ ಲೋಟ ಒರೆಸುತ್ತಿದ್ದ ಹೆಂಗಸು ಕಣ್ಣು ಕಿರಿದು ಮಾಡಿದಳು. ಅಡುಗೆಮನೆಯಿಂದ ಯಾರೋ ಬಂದು ಬಾಗಿಲು ಎಳೆದುಕೊಂಡರು.

ಅಣ್ಣ ಗುಂಡಿ ಒತ್ತಿದ. ಕಂಬಳಿ. ಗುಂಡುವಿನ ಭುಜ ಕೆಳಗಿಳಿಯಿತು. ಲೋಟದ ಹೆಂಗಸಿನ ಕೈ ಮತ್ತೆ ಆಡಿತು.

ತೆಗೆದ. ಭುಜ ಏರಿತು. ಹಾಕಿದ. ಇಳಿಯಿತು. ಅಣ್ಣ ಈಗ ಪರದೆ ನೋಡುತ್ತಿರಲಿಲ್ಲ, ಸದ್ದನ್ನೂ ಕೇಳುತ್ತಿರಲಿಲ್ಲ. ಮುಖಗಳನ್ನು ನೋಡುತ್ತಿದ್ದ.

"ಅಮ್ಮಾ," ಅಂದ ಲೋಟದ ಹೆಂಗಸಿಗೆ, ಕಟ್ ಒಮ್ಮೆ ತೆಗೆದು, ಮತ್ತೆ ಹಾಕಿ. "ಇದು ಚೆನ್ನಾಗಿದೆಯಾ... ಇದಾ?"

"ಎರಡನೇದು ಸಾರ್. ಮೊದಲನೇದಕ್ಕೆ ಹಲ್ಲು ಜುಂ ಅನ್ನತ್ತೆ."

"ಹೌದಾ," ಅಂದ ಅಣ್ಣ. ವೈರು ಹಿಡಿದು ನಿಂತಿದ್ದ ತಮ್ಮನನ್ನು ಆಗ ನೋಡಿದ. ಇಷ್ಟು ದಿನದ ಮೇಲೆ ಅವನ ಜೊತೆ ಮಾತಾಡಿದ. "ಆವತ್ತು ಅವರು ಊಟಕ್ಕೆ ಬಂದಾಗ, ಇದು ಹಾಕಿತ್ತಾ?"

"ಹಾಕಿತ್ತು."

"ಅದಕ್ಕೆ ಮುಂಚೆ?"

"ತುಂಬ ದಿನದಿಂದ ಅಣ್ಣ."

ಲೂಪರಿನ ಸಾಲು ಮುಗಿದು ಮತ್ತೆ ಶುರುವಾಯಿತು. "ಹಾಗಾದ್ರೆ ಅವರು ಕರೆದದ್ದು ನಿನ್ನನ್ನ," ಅಂದ ಅಣ್ಣ.

"ಇಲ್ಲಣ್ಣ. ಟೋನು ನಿನ್ನದೇ. ನೀನು ಹೇಳ್ಕೊಟ್ಟದ್ದೇ. ನಾನು ಬಾಗಿಲು ಹಾಕಿದೆ ಅಷ್ಟೆ."

ಅಣ್ಣ ಮಿಕ್ಸರಿನ ಅಂಚು ಹಿಡಿದುಕೊಂಡ. ಆಮೇಲೆ, ಬೇರೆ ಯಾವುದೋ ಮಾತು ನೆನಪಾದವನ ಹಾಗೆ, ಕೇಳಿದ: "ಜೀರುಂಡೆ?"

ತಮ್ಮ ವೈರು ಕೆಳಗಿಟ್ಟ. "ಇವೆ," ಅಂದ.

"ಸತ್ತಿಲ್ಲ."

"ಇಲ್ಲ. ಪ್ರತಿ ಸಂಜೆ ಕೂಗ್ತವೆ."

ಅಣ್ಣ ತಲೆಯಾಡಿಸಿದ. ಒಳ್ಳೆಯ ಸುದ್ದಿ ಕೇಳಿದ ಹಾಗೆ, ಎರಡು ಸಲ. ಆಮೇಲೆ ಮೇಜುಗಳ ನಡುವೆ ಕುಂಟುತ್ತ ನಡೆದು ವೇದಿಕೆ ಹತ್ತಿ, ಲೂಪರ್ ನಿಲ್ಲಿಸಿ, ಮಾಡೆಲರ್ ಮುಂದೆ ಮಂಡಿಯೂರಿದ. ಗುಂಡು ಎದ್ದು ಬಂದು ಅಣ್ಣನ ಮಂಡಿಯ ಕೆಳಗೆ ತನ್ನ ಮಡಿಸಿದ ಕೋಟು ಇಟ್ಟು ಹೋದ.

"ಮರಿ," ಅಣ್ಣ ಪರದೆಯಿಂದ ಕಣ್ಣೆತ್ತದೆ ಕೂಗಿದ. "ನಂಬರ್ ಹೇಳು."

ತಮ್ಮ ಮಿಕ್ಸರಿನ ಹತ್ತಿರಕ್ಕೆ ಬಂದ.

"ನಂಬರ್ ಹೇಳೋ. ಎಷ್ಟಕ್ಕೆ ಇಡಲಿ?"

"ಐದೂವರೆ ಸಾವಿರ. ಟ್ರೆಬಲ್ ನಾಲ್ಕು. ಗೇನು... ಗೇನು ಅರ್ಧ ಕಿತ್ಕೊ ಅಣ್ಣ."

ಅಣ್ಣ ಒಂದೊಂದಾಗಿ ಇಟ್ಟ. ಇಟ್ಟು ಎದ್ದು ನಿಂತು ಗಿಟಾರ್ ಹಾಕಿಕೊಂಡು ಬಾರಿಸಿದ. ತಮ್ಮ ಮಿಕ್ಸರಿನ ಕಟ್ ತೆಗೆದು ಹಾಗೇ ಬಿಟ್ಟ. ಅಣ್ಣನ ಕೈಯಿಂದ ಹೊರಟದ್ದು ಏನೂ ಸೋಸದೆ, ನೇರವಾಗಿ ಹಾಲಿಗೆ ಬಂತು. ಹಳೆಯ ಆಂಪ್ ಎಲ್ಲಿಂದಲೋ ಎದ್ದು ಬಂದು ವೇದಿಕೆಯ ಮೂಲೆಯಲ್ಲಿ ನಿಂತ ಹಾಗಿತ್ತು.

"ಚೆನ್ನಾಗಿದೆಯಾ?" ಕೇಳಿದ ಅಣ್ಣ. ಅವನ ಮುಖ, ಮುಚ್ಚಿದ ಬಾಗಿಲಾಚೆ ಯಾರೋ ಹಾಡುವುದನ್ನು ಕೇಳುವವನ ಮುಖ.

"ಚೆನ್ನಾಗಿದೆ ಅಣ್ಣ."

ನಿಜವಾಗಿಯೂ ಚೆನ್ನಾಗಿತ್ತು. ಅಣ್ಣ ತಮ್ಮನ ಮುಖವನ್ನೇ ತುಂಬ ಹೊತ್ತು, ಅನುಮಾನದ ನೋಟನ್ನು ಬೆಳಕಿಗೆ ಹಿಡಿದು ನೋಡುವ ಅಂಗಡಿಯವನ ಹಾಗೆ ನೋಡಿದ. ಆಮೇಲೆ ಮೆಲ್ಲಗೆ ಕಣ್ಣು ಹೊರಳಿಸಿ, ಲೋಟ ಒರೆಸುತ್ತಿದ್ದ ಆ ಹೆಂಗಸಿನ ಕಡೆ ನೋಡಿದ.

ಅವಳು ಹೂಂ ಎಂದು ತಲೆಯಾಡಿಸಿದಳು. ಆಗ ಅಣ್ಣ ತಲೆ ತಗ್ಗಿಸಿ ಮುಂದಿನ ಸಾಲು ಬಾರಿಸಿದ.